ಸಂಘದ ಸುತ್ತೋಲೆ, ಕರಪತ್ರ, ಪತ್ರಗಳಿಗೆ ಬರವಣಿಗೆ ನಿಯಮಗಳು: ಕರಡು ಚರ್ಚೆಗೆ

ಕರಡಚ್ಚು

ನಮ್ಮ ಕಾರ್ಮಿಕ ಸಂಘದ ಹೆಸರಲ್ಲಿ ಹೊರಗೆ ಹೋಗುವ ಬರಹಕ್ಕೆಲ್ಲ ಸೇರಿ ಎರಡು ಪುಟದ ನಿಯಮಪಟ್ಟಿ ಸಿದ್ಧವಾಗುತ್ತಿದೆ. ಸುತ್ತೋಲೆ, ಕರಪತ್ರ, ಆಡಳಿತಕ್ಕೆ ಬರೆಯುವ ಪತ್ರ, ಪತ್ರಿಕಾ ಪ್ರಕಟಣೆ, ವಾಟ್ಸಾಪ್ ಸಂದೇಶ, ಸಭಾ ನಡವಳಿ ಇಷ್ಟಕ್ಕೂ ಅನ್ವಯ. ಮುಖ್ಯ ಭಾಗ ಕೆಳಗಿದೆ. ತಿದ್ದಿ, ಸೇರಿಸಿ, ಬೇಡವಾದದ್ದನ್ನು ಕಡಿದುಹಾಕಿ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.

ಬರೆಯುವಾಗ ಮೂವರು ಓದುಗರು ಕಣ್ಣಮುಂದಿರಬೇಕು. ಪಾಳಿ ಮುಗಿಸಿ ಗೇಟಿನಲ್ಲಿ ನಿಂತು ಒಂದೇ ನಿಮಿಷದಲ್ಲಿ ಓದಿ ಹೊರಡುವ ಕಾರ್ಮಿಕ ಒಬ್ಬ. ಅದೇ ಹಾಳೆಯನ್ನು ಕೆಂಪು ಪೆನ್ನು ಹಿಡಿದು ಓದುವ ಆಡಳಿತದ ವಕೀಲ ಇನ್ನೊಬ್ಬ. ನಾಲ್ಕಾರು ವರ್ಷ ಕಳೆದ ಮೇಲೆ ಕಡತದಿಂದ ಅದನ್ನು ಹೊರತೆಗೆಯುವ, ಎರಡೂ ಪಕ್ಷಗಳ ನಡುವೆ ರಾಜಿ ಮಾಡಿಸುವ ಸರ್ಕಾರಿ ಸಂಧಾನಾಧಿಕಾರಿ ಅಥವಾ ನ್ಯಾಯಮಂಡಳಿ ಮೂರನೆಯವರು. ಈ ಮೂವರಲ್ಲಿ ಯಾರಿಗೂ ಉಪಯೋಗವಿಲ್ಲದ ನಿಯಮ ಬರೀ ಅಲಂಕಾರ, ಪಟ್ಟಿಯಲ್ಲಿ ಬೇಡ.

ನಿಯಮ 1. ಕೆಲಸ ಮಾಡಿದವರು ವಾಕ್ಯದಲ್ಲಿ ಕಾಣಬೇಕು. 'ಏಳು ಮಂದಿಯನ್ನು ಅಮಾನತು ಮಾಡಲಾಗಿದೆ.' ಯಾರು ಮಾಡಿದ್ದು, ಯಾವತ್ತು? 'ಕಾರ್ಖಾನೆಯ ವ್ಯವಸ್ಥಾಪಕರು ಜೂನ್ 3ರಂದು ಏಳು ಮಂದಿಯನ್ನು ಅಮಾನತು ಮಾಡಿದ್ದಾರೆ' ಎಂದು ಬರೆಯಿರಿ. ಸರ್ಕಾರಿ ಆದೇಶಗಳ ಧಾಟಿ ಕಿವಿಯಲ್ಲಿ ಕೂತುಬಿಟ್ಟಿರುವುದರಿಂದ '-ಲಾಗಿದೆ', '-ಲಾಗುವುದು', '-ಲ್ಪಟ್ಟಿದೆ' ತಾವಾಗಿಯೇ ಬೆರಳಿಗೆ ಬರುತ್ತವೆ. ಕರಡು ಮುಗಿದ ಮೇಲೆ ಅವು ಬಂದಲ್ಲೆಲ್ಲ ಅಡಿಗೆರೆ ಎಳೆದು 'ಯಾರು?' ಎಂದು ಕೇಳಿ. ಆಡಳಿತದ ನೋಟಿಸಿಗೆ ಕರ್ತೃವಿಲ್ಲದ ವಾಕ್ಯ ಬಲು ಅನುಕೂಲ. ನಮ್ಮ ಸುತ್ತೋಲೆಯೂ ಅದನ್ನೇ ನಕಲು ಮಾಡಿದರೆ ಅವರ ಕೆಲಸ ನಾವೇ ಮುಗಿಸಿಕೊಟ್ಟಂತೆ. ವಿನಾಯಿತಿ ಒಂದೇ: ಮಾಡಿದ ನಮ್ಮ ಸದಸ್ಯರ ಗುರುತು ಹೊರಬೀಳಬಾರದು ಎಂದಾಗ. 'ಸುರಕ್ಷತೆಯ ಬಗ್ಗೆ ತಪಾಸಣಾಧಿಕಾರಿಗೆ ದೂರು ಕೊಡಲಾಗಿದೆ' ಅನ್ನುವುದು ಅಲ್ಲಿ ಸರಿಯಾದ ವಾಕ್ಯ.

ನಿಯಮ 2. 'ನಾವು' ಅಂದರೆ ಎಲ್ಲ ಕಾರ್ಮಿಕರು. ಸಮಿತಿಯ ತೀರ್ಮಾನವಾದರೆ 'ಕಾರ್ಯಕಾರಿ ಸಮಿತಿ' ಎಂದೇ ಬರೆಯಬೇಕು. ಒಂದೇ ಪ್ಯಾರಾದಲ್ಲಿ 'ನಾವು ಮಾತುಕತೆಗೆ ಹೋದೆವು' (ಐದು ಜನ), 'ನಾವು ಮುಷ್ಕರಕ್ಕೆ ಸಿದ್ಧ' (ಎಲ್ಲರೂ) ಎರಡೂ ಬಂದರೆ ಎರಡನೆಯದು ಆ ಐದೇ ಜನರ ಮಾತೆಂದು ಎದುರು ಪಕ್ಷ ವಾದಿಸುತ್ತದೆ. ಹಾಗೆಯೇ 'ಸಂಘ ನಿಮಗೆ ಬೋನಸ್ ಕೊಡಿಸಿದೆ' ಎಂದು ಬರೆಯಬಾರದು. ಸಂಘ ಯಾವುದೋ ಕಚೇರಿ, ಸದಸ್ಯರು ಅದರ ಗಿರಾಕಿಗಳು ಎಂಬ ಧ್ವನಿ ಅದರಲ್ಲಿದೆ. ಮುಂದಿನ ವರ್ಷ ಬೋನಸ್ ಇಳಿದರೆ 'ಸಂಘ ಏನು ಕಡಿದು ಗುಡ್ಡೆ ಹಾಕುತ್ತಿತ್ತು' ಎಂಬ ಪ್ರಶ್ನೆ ಹುಟ್ಟುವುದೂ ಇದೇ ವಾಕ್ಯದಿಂದ.

ನಿಯಮ 3. ಒಂದು ಸಂಗತಿಗೆ ಒಂದೇ ಪದ. 'ಆಡಳಿತ ಮಂಡಳಿ', 'ಮ್ಯಾನೇಜ್‌ಮೆಂಟ್', 'ಮಾಲೀಕರು', 'ಕಂಪನಿ' ನಾಲ್ಕನ್ನೂ ಒಂದೇ ಹಾಳೆಯಲ್ಲಿ ಬೆರೆಸಬೇಡಿ. ಪ್ರಸ್ತಾವ: ಎಲ್ಲ ಕಡೆ 'ಆಡಳಿತ'. ನಿರ್ದೇಶಕರ ಸಭೆಯ ವಿಚಾರ ಬಂದಾಗ ಮಾತ್ರ 'ನಿರ್ದೇಶಕ ಮಂಡಳಿ'.

ನಿಯಮ 4. ಪತ್ರದ ಧಾಟಿ. 'ಮಾನ್ಯರೇ' ಸಾಕು. 'ತಾವು ದಯಮಾಡಿ ಕೃಪೆ ತೋರಿ', 'ತಮ್ಮಲ್ಲಿ ಕಳಕಳಿಯಿಂದ ಬೇಡಿಕೊಳ್ಳುವುದೇನೆಂದರೆ', 'ತಮ್ಮ ವಿಧೇಯ' ಬೇಡ. ಬೈಗುಳವೂ ಬೇಡ. ವಿಷಯ, ಉಲ್ಲೇಖ (ಹಿಂದಿನ ಪತ್ರದ ಸಂಖ್ಯೆ ಮತ್ತು ದಿನಾಂಕ), ಸಂಗತಿ, ಬೇಡಿಕೆ, ಉತ್ತರಕ್ಕೆ ಗಡುವು, 'ಇಂತಿ', ಸಹಿ. ಒಂದು ಪತ್ರಕ್ಕೆ ಒಂದೇ ವಿಷಯ. ಕ್ಯಾಂಟೀನಿನ ದೂರನ್ನೂ ವೇತನ ಬಾಕಿಯನ್ನೂ ಒಂದರಲ್ಲೇ ತುರುಕಿದರೆ ಅವರು ಕ್ಯಾಂಟೀನಿಗೆ ಮಾತ್ರ ಉತ್ತರಿಸಿ 'ನಿಮ್ಮ ಪತ್ರಕ್ಕೆ ಉತ್ತರಿಸಿದ್ದೇವೆ' ಅನ್ನುತ್ತಾರೆ.

ವಕೀಲಿ ಕಣ್ಣು

ನಿಯಮ 3ನ್ನು ಕಾನೂನಿನ ಪದಗಳಿಗೆ ಇನ್ನಷ್ಟು ಬಿಗಿ ಮಾಡಬೇಕು. ಅಲ್ಲಿ ಪದ ತಪ್ಪಿದರೆ ಹಣ ಹೋಗುತ್ತದೆ, ಕೆಲವೊಮ್ಮೆ ಕೆಲಸವೇ ಹೋಗುತ್ತದೆ.

'ಕೆಲಸದಿಂದ ತೆಗೆದಿದ್ದಾರೆ' ಅನ್ನುವ ಮಾತು ಸುತ್ತೋಲೆಯಲ್ಲಿ ಬರಲೇಬಾರದು. ಅದರೊಳಗೆ ಬೇರೆಬೇರೆ ಸಂಗತಿಗಳು ಅಡಗಿವೆ. ಅಮಾನತು: ಕೆಲಸ ಉಳಿದಿದೆ, ವಿಚಾರಣೆ ಬಾಕಿ, ಜೀವನಾಧಾರ ಭತ್ಯೆ ಬರಬೇಕು. ವಜಾ: ದುರ್ನಡತೆಯ ಆರೋಪದ ಮೇಲೆ ಕೊಟ್ಟ ಶಿಕ್ಷೆ. ಲೇ-ಆಫ್: ತಾತ್ಕಾಲಿಕವಾಗಿ ಕೆಲಸ ಇಲ್ಲ, ಅರ್ಹರಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟು ಪರಿಹಾರ. ರಿಟ್ರೆಂಚ್‌ಮೆಂಟ್: ಹೆಚ್ಚುವರಿ ಎಂದು ಹೇಳಿ ಕೈಬಿಡುವುದು, ಸೇವೆಯ ಪ್ರತಿ ಪೂರ್ಣ ವರ್ಷಕ್ಕೆ 15 ದಿನದ ಸರಾಸರಿ ವೇತನ. ಲಾಕೌಟ್ ಇವೆಲ್ಲಕ್ಕಿಂತ ಬೇರೆ: ವಿವಾದದ ನಡುವೆ ಆಡಳಿತವೇ ಗೇಟು ಮುಚ್ಚಿ ಕಾರ್ಮಿಕರನ್ನು ಹೊರಗಿಡುವುದು. ಲೇ-ಆಫ್, ರಿಟ್ರೆಂಚ್‌ಮೆಂಟ್, ಲಾಕೌಟ್ ಇವನ್ನು ಕಷ್ಟಪಟ್ಟು ಅಚ್ಚಕನ್ನಡ ಮಾಡಬೇಡಿ. ಗೇಟಿನಲ್ಲಿ ಎಲ್ಲರೂ ಆಡುವುದೇ ಇವನ್ನು. ಮೊದಲ ಸಲ ಬಂದಾಗ ಅರ್ಧ ಸಾಲಿನ ವಿವರಣೆ ಕೊಟ್ಟರೆ ಮುಗಿಯಿತು.

ಹುದ್ದೆಯ ಹೆಸರಲ್ಲೂ ಎಚ್ಚರ ಬೇಕು. ತಂಡದ ಮುಂದಾಳಾಗಿ ಯಂತ್ರದ ಮೇಲೇ ಕೆಲಸ ಮಾಡುವವರನ್ನು ಗೌರವಕ್ಕೆಂದು 'ಮೇಲ್ವಿಚಾರಕರಾದ ಶ್ರೀ...' ಎಂದು ಬರೆದು ಬಿಡುತ್ತಾರೆ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಮೇಲ್ವಿಚಾರಣೆಯ ಕೆಲಸದಲ್ಲಿದ್ದು ತಿಂಗಳಿಗೆ 10,000 ರೂಪಾಯಿಗಿಂತ ಹೆಚ್ಚು ಪಡೆಯುವವರು 'ಕಾರ್ಮಿಕ' ಆಗಿರಲಿಲ್ಲ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಆ ಮಿತಿ 18,000. ಅವರ ನಿಜವಾದ ಕೆಲಸ ಏನೆಂಬುದೇ ಕೊನೆಗೆ ಮುಖ್ಯ, ನಿಜ. ಆದರೂ ಸಂಘದ ಲೆಟರ್‌ಹೆಡ್‌ನಲ್ಲೇ 'ಮೇಲ್ವಿಚಾರಕ' ಎಂದಿದ್ದರೆ ಎದುರು ವಕೀಲರಿಗೆ ಬೇರೆ ಸಾಕ್ಷಿ ಹುಡುಕುವ ಶ್ರಮ ತಪ್ಪುತ್ತದೆ. ನೇಮಕಾತಿ ಪತ್ರದಲ್ಲಿರುವ ಹುದ್ದೆ, ಅದರ ಜೊತೆಗೆ ದಿನವೂ ಮಾಡುವ ಕೆಲಸ, ಎರಡನ್ನೂ ಬರೆಯಿರಿ.

ಇನ್ನು ಮುಷ್ಕರ. ಹಳೆಯ ಕಾಯ್ದೆಯಲ್ಲಿ ಮುಷ್ಕರದ ನೋಟಿಸು ರೈಲು, ನೀರು, ವಿದ್ಯುತ್ತಿನಂಥ ಸಾರ್ವಜನಿಕ ಉಪಯುಕ್ತ ಸೇವೆಗಳಿಗಷ್ಟೇ ಕಡ್ಡಾಯವಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಸಂಹಿತೆಯಲ್ಲಿ ಎಲ್ಲ ಕೈಗಾರಿಕಾ ಸಂಸ್ಥೆಗಳಿಗೂ ಕಡ್ಡಾಯ: ನೋಟಿಸು ಕೊಟ್ಟ 14 ದಿನದೊಳಗೆ ಮುಷ್ಕರ ಹೂಡುವಂತಿಲ್ಲ, ಕೊಟ್ಟ ನೋಟಿಸಿನ ಬಲ 60 ದಿನ, ಸಂಧಾನ ನಡೆಯುತ್ತಿರುವಾಗಲೂ ಅದು ಮುಗಿದ 7 ದಿನದವರೆಗೂ ಹೂಡುವಂತಿಲ್ಲ. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರು ಒಟ್ಟಾಗಿ ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ. ಹಾಗಾಗಿ 'ಶುಕ್ರವಾರ ಎಲ್ಲರೂ ಸಾಮೂಹಿಕ ರಜೆ ಹಾಕೋಣ' ಎಂಬ ವಾಟ್ಸಾಪ್ ಸಾಲು ಈಗ ನೋಟಿಸಿಲ್ಲದ ಮುಷ್ಕರಕ್ಕೆ ಕೊಟ್ಟ ಕರೆ. ಕಾನೂನುಬಾಹಿರ ಮುಷ್ಕರಕ್ಕೆ ಪ್ರಚೋದಿಸಿದವರಿಗೆ ಭಾಗವಹಿಸಿದವರಿಗಿಂತ ಹೆಚ್ಚಿನ ದಂಡವಿದೆ. ಸಂದೇಶ ಬರೆದವರು ಯಾವ ಸಾಲಿನಲ್ಲಿ ನಿಲ್ಲುತ್ತಾರೆಂದು ಬಿಡಿಸಿ ಹೇಳಬೇಕಿಲ್ಲ.

ನಿಯಮ ಹೀಗಿರಲಿ: 'ಮುಷ್ಕರ', 'ಸಾಮೂಹಿಕ ರಜೆ', 'ಕೆಲಸ ಸ್ಥಗಿತ', 'ಬಂದ್', 'ನಿಧಾನಗತಿ' ಈ ಐದು ಪದಗಳಲ್ಲಿ ಒಂದು ಬಂದರೂ ಇಬ್ಬರು ಪದಾಧಿಕಾರಿಗಳು ಓದಿ ಸಹಿ ಹಾಕದೆ ಅದು ಹೊರಹೋಗಬಾರದು.

ಪಾಳಿ ಮೂರು

14 ದಿನದ ಮಾತು ಬಂತಲ್ಲ, ದಿನಾಂಕದ ನಿಯಮ ಕರಡಿನಲ್ಲಿ ಇಲ್ಲವೇ ಇಲ್ಲ. ಹೆಚ್ಚು ಗೋಜಲಾಗುವುದೇ ಅಲ್ಲಿ.

'ಜೂನ್ 16ರ ಮಧ್ಯರಾತ್ರಿಯಿಂದ ಮುಷ್ಕರ.' 15 ಮುಗಿದು 16 ಹುಟ್ಟುವ ಮಧ್ಯರಾತ್ರಿಯೋ, 16 ಮುಗಿದು 17 ಹುಟ್ಟುವುದೋ? ಮೂರನೇ ಪಾಳಿ ರಾತ್ರಿ 10ಕ್ಕೆ ಒಳಗೆ ಹೋಗಿ ಬೆಳಿಗ್ಗೆ 6ಕ್ಕೆ ಹೊರಬರುತ್ತದೆ. ಸೋಮವಾರ ರಾತ್ರಿ ಅವರು ಒಳಗೆ ಹೋಗಬೇಕೋ ಬೇಡವೋ? ಜೂನ್ 1ರಂದು ನೋಟಿಸು ತಲುಪಿದ್ದರೆ, ತಲುಪಿದ ದಿನ ಬಿಟ್ಟು 14 ಪೂರ್ಣ ದಿನ ಅಂದರೆ 15ರ ಕೊನೆ. 15ರ ರಾತ್ರಿ 10ಕ್ಕೇ ಹೊರಗುಳಿದವರು ನೋಟಿಸಿನ ಅವಧಿಯೊಳಗೇ ಕೆಲಸ ನಿಲ್ಲಿಸಿದಂತೆ. ಒಂದು ಪಾಳಿಯ ಗೊಂದಲಕ್ಕೆ ಇಡೀ ಮುಷ್ಕರದ ಮೇಲೆ ಕಾನೂನುಬಾಹಿರ ಎಂಬ ಮುದ್ರೆ.

ಬರೆಯುವ ಕ್ರಮ: '2026ರ ಜೂನ್ 16, ಮಂಗಳವಾರ, ಬೆಳಿಗ್ಗೆ 6ಕ್ಕೆ ಶುರುವಾಗುವ ಮೊದಲ ಪಾಳಿಯಿಂದ ಮುಷ್ಕರ. ಜೂನ್ 15, ಸೋಮವಾರ ರಾತ್ರಿ 10ರ ಪಾಳಿಯವರು ಎಂದಿನಂತೆ ಒಳಗೆ ಹೋಗಿ, ಪಾಳಿ ಪೂರ್ತಿ ಮಾಡಿ ಹೊರಬರಬೇಕು.'

ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. 6/7/26 ಅಂದರೆ ಜೂನೋ ಜುಲೈಯೋ ಎಂದು ಆಮೇಲೆ ತಲೆ ಕೆರೆದುಕೊಳ್ಳುವುದು ಬೇಡ. ದಿನಾಂಕದ ಜೊತೆ ವಾರ ಇರಲೇಬೇಕು. ಎರಡರಲ್ಲಿ ಒಂದು ತಪ್ಪಿದ್ದರೆ ಇನ್ನೊಂದು ಅದನ್ನು ಹಿಡಿದುಕೊಡುತ್ತದೆ. ಬೋರ್ಡಿಗೆ ಹಚ್ಚುವ ಹಾಳೆಯಲ್ಲಿ 'ನಾಳೆ', 'ಇಂದು ಸಂಜೆ', 'ಬರುವ ಸೋಮವಾರ' ನಿಷಿದ್ಧ, ಹಾಳೆ ವಾರಗಟ್ಟಲೆ ಅಲ್ಲೇ ಇರುತ್ತದೆ. 'ಜುಲೈ 10ರವರೆಗೆ' ಎಂದರೆ 10 ಸೇರಿತೋ ಇಲ್ಲವೋ? 'ಜುಲೈ 10, ಶುಕ್ರವಾರ ಸಂಜೆ 5 ಗಂಟೆಯೊಳಗೆ' ಎಂದು ಬರೆದರೆ ಕೇಳುವವರಿಲ್ಲ.

ಗೇಟ್ ಬೋರ್ಡ್

ಎಲ್ಲ ಸರಿ, ಆದರೆ ಇಷ್ಟು ನಿಯಮ ಹೇರಿದರೆ ಕರಪತ್ರ ವಿಮಾ ಪಾಲಿಸಿಯ ಹಾಗೆ ಆಗುತ್ತದೆ. ಕರಪತ್ರಕ್ಕೆ ಕಾವು ಬೇಕು. 'ರಕ್ತ ಹೀರುವ ಆಡಳಿತಕ್ಕೆ ಧಿಕ್ಕಾರ' ಎಂದು ಬರೆಯದೆ 'ಆಡಳಿತವು ಭತ್ಯೆಯನ್ನು ಪಾವತಿಸಿರುವುದಿಲ್ಲ' ಎಂದು ಬರೆದರೆ ಯಾರು ಸಭೆಗೆ ಬರುತ್ತಾರೆ?

ಕರಡಚ್ಚು

ಧಿಕ್ಕಾರಕ್ಕೆ ಅಡ್ಡಿಯಿಲ್ಲ, ಘೋಷಣೆ ಘೋಷಣೆಯಾಗಿಯೇ ಇರಲಿ, ತಲೆಬರಹದಲ್ಲೋ ಕೊನೆಯಲ್ಲೋ. ಒಡಲಿನಲ್ಲಿ ಕಾವು ಸಂಗತಿಯಿಂದ ಬರಬೇಕು. 'ಅಮಾನವೀಯ, ಕ್ರೂರ, ನಿರ್ದಯ ಆಡಳಿತ' ಅನ್ನುವ ಮೂರು ವಿಶೇಷಣಕ್ಕಿಂತ 'ಪ್ಯಾಕಿಂಗ್ ವಿಭಾಗದಲ್ಲಿ 140 ಮಹಿಳೆಯರಿಗೆ ಎರಡು ಶೌಚಾಲಯ, ಒಂದಕ್ಕೆ ಮಾರ್ಚ್‌ನಿಂದ ಬೀಗ' ಎಂಬ ಒಂದು ಸಾಲು ಹೆಚ್ಚು ಸುಡುತ್ತದೆ. ಅಲ್ಲಗಳೆಯಲು ಅವರಿಗೆ ದಾರಿಯೂ ಇಲ್ಲ. ನಿಮ್ಮ ಎರಡನೇ ಉದಾಹರಣೆ ಕೆಟ್ಟ ವಾಕ್ಯ ಅನ್ನುವುದು ಒಪ್ಪಿದೆ. 'ಪಾವತಿಸಿರುವುದಿಲ್ಲ' ಬೇಡ, 'ಮೂರು ತಿಂಗಳಿಂದ ರಾತ್ರಿ ಪಾಳಿ ಭತ್ಯೆ ಕೊಟ್ಟಿಲ್ಲ' ಎನ್ನಿ.

ವಕೀಲಿ ಕಣ್ಣು

ಒಂದು ಗಡಿ ಮಾತ್ರ ದಾಟಬೇಡಿ. 'ಆಡಳಿತ' ಎಂಬ ಸಮೂಹಕ್ಕೆ ಧಿಕ್ಕಾರ ಬೇರೆ, ಹೆಸರು ಹಿಡಿದು 'ಇಂಥ ವ್ಯವಸ್ಥಾಪಕ ಲಂಚಕೋರ' ಎಂದು ಅಚ್ಚು ಹಾಕುವುದು ಬೇರೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಪ್ರಕಾರ ಮಾನಹಾನಿ ಅಪರಾಧ. ಬರೆದವರ ಜೊತೆಗೆ ಅಚ್ಚು ಹಾಕಿದವರನ್ನೂ ಹಂಚಿದವರನ್ನೂ ಎಳೆಯಬಹುದು. ಏನು ಮಾಡಿದರು, ಯಾವ ದಿನ, ಯಾವ ಆದೇಶ ಸಂಖ್ಯೆ ಎಂದು ಬರೆಯಿರಿ. ಬಿರುದು ಓದುಗರೇ ಕೊಟ್ಟುಕೊಳ್ಳುತ್ತಾರೆ.

ಲೆಕ್ಕಪತ್ರ

ಅಂಕಿಗಳ ವಿಭಾಗ ನನ್ನ ಕಡೆಯಿಂದ.

'ಶೇ. 10 ಹೆಚ್ಚಳ' ಎಂದು ಬರೆದು ನಿಲ್ಲಿಸಬಾರದು. ಯಾವುದರ ಮೇಲೆ? ಮೂಲ ವೇತನ 12,000, ತುಟ್ಟಿಭತ್ಯೆ 6,000, ಮನೆ ಬಾಡಿಗೆ ಭತ್ಯೆ 2,000 ಇದ್ದವರಿಗೆ ಮೂಲ ವೇತನದ ಮೇಲೆ ಶೇ. 10 ಅಂದರೆ 1,200 ರೂಪಾಯಿ. ಒಟ್ಟು 20,000ಕ್ಕೆ ಅದು ಶೇ. 6 ಮಾತ್ರ. ಒಟ್ಟಿನ ಮೇಲೆ ಎಂದುಕೊಂಡವರು 2,000 ಎಣಿಸಿಕೊಂಡಿರುತ್ತಾರೆ. ಸಂಬಳದ ಚೀಟಿ ಕೈಗೆ ಬಂದ ದಿನ ಸಿಟ್ಟೆಲ್ಲ ಸಮಿತಿಯ ಮೇಲೆ. ಆಡಳಿತ ಬೇಕೆಂದೇ ಬರೀ ಶೇಕಡಾ ಹೇಳುತ್ತದೆ. ನಾವು ರೂಪಾಯಿ ಬರೆಯೋಣ. ಕೆಳಗಿನ, ನಡುವಿನ, ಮೇಲಿನ ದರ್ಜೆಯಿಂದ ಒಂದೊಂದು ಉದಾಹರಣೆ ಕೊಟ್ಟು ಕೈಗೆ ಬರುವ ಮೊತ್ತ ಎಷ್ಟೆಂದು ತೋರಿಸಿ.

ಶೇಕಡಾ ಬೇರೆ, ಶೇಕಡಾ ಅಂಶ ಬೇರೆ. ಕೇಂದ್ರ ಸರ್ಕಾರಿ ನೌಕರರ ತುಟ್ಟಿಭತ್ಯೆ 2024ರ ಜನವರಿಯಿಂದ ಶೇ. 46ರಿಂದ 50ಕ್ಕೆ ಏರಿತು. ಅದು 4 ಅಂಶಗಳ ಏರಿಕೆ. ಭತ್ಯೆಯ ಮೊತ್ತ ಮಾತ್ರ ತೆಗೆದುಕೊಂಡರೆ ಶೇ. 8.7ರಷ್ಟು ಹೆಚ್ಚು. 'ತುಟ್ಟಿಭತ್ಯೆ ಶೇ. 4 ಹೆಚ್ಚಳ' ಎಂದರೆ ಎರಡಕ್ಕೂ ಹೊಂದುವುದಿಲ್ಲ. 'ಶೇ. 46ರಿಂದ ಶೇ. 50ಕ್ಕೆ' ಎಂದು ಎರಡೂ ತುದಿ ಬರೆದುಬಿಡಿ, ವಾದವೇ ಇರುವುದಿಲ್ಲ.

ಮತದಾನದ ಫಲಿತಾಂಶಕ್ಕೆ ಐದು ಸಂಖ್ಯೆ ಬೇಕು. ಅರ್ಹರು 842, ಮತ ಹಾಕಿದವರು 731, ಪರ 640, ವಿರೋಧ 79, ಅಸಿಂಧು 12. ಕೊನೆಯ ಮೂರನ್ನು ಕೂಡಿ ಎರಡನೆಯದಕ್ಕೆ ತಾಳೆಯಾಗುತ್ತದೆಯೇ ನೋಡಿಯೇ ಕಳಿಸಿ. ಇದನ್ನು 'ಶೇ. 88 ಬೆಂಬಲ' ಎಂದೂ ಬರೆಯಬಹುದು, ಹಾಕಿದ ಮತಗಳ ಲೆಕ್ಕದಲ್ಲಿ. ಒಟ್ಟು ಅರ್ಹರ ಲೆಕ್ಕದಲ್ಲಿ ಶೇ. 76. ಒಂದನ್ನು ಬರೆದರೆ ಇನ್ನೊಂದನ್ನು ಆಡಳಿತ ಬರೆಯುತ್ತದೆ. ಎರಡನ್ನೂ ನಾವೇ ಬರೆದರೆ ಅವರಿಗೆ ಹೇಳಲು ಏನೂ ಉಳಿಯದು. 'ಸರ್ವಾನುಮತ' ಎಂಬ ಪದ ಒಂದೇ ಒಂದು ವಿರೋಧ ಮತ ಬಿದ್ದಿದ್ದರೂ ಬರಬಾರದು.

ಸೂತ್ರ ಇದ್ದ ಕಡೆ ಸೂತ್ರವನ್ನೇ ಮುದ್ರಿಸಿ. ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಸೇವಾವಧಿಯ ಲೆಕ್ಕದಲ್ಲಿ ಸಿಗುವ ಮೊತ್ತಕ್ಕೆ: (ಕೊನೆಯ ಮೂಲ ವೇತನ + ತುಟ್ಟಿಭತ್ಯೆ) × 15 ÷ 26 × ಸೇವೆಯ ವರ್ಷ. 18,000 ಇದ್ದು 10 ವರ್ಷ ಸೇವೆಯಾದರೆ 1,03,846 ರೂಪಾಯಿ. 26ರ ಬದಲು 30ರಿಂದ ಭಾಗಿಸಿದರೆ 90,000 ಆಗುತ್ತದೆ. ಸದಸ್ಯರು ತಮ್ಮ ಚೀಟಿಯನ್ನು ತಾವೇ ಪರಿಶೀಲಿಸಿಕೊಳ್ಳಲು ಈ ಒಂದು ಸಾಲು ಸಾಕು.

ಅಲ್ಪವಿರಾಮ ಲಕ್ಷದ ಕ್ರಮದಲ್ಲಿ (1,25,000). ಅಂಕಿ ಒಂದೇ ಬಗೆಯದು. ಒಂದು ಸಾಲಿನಲ್ಲಿ ಕನ್ನಡ ಅಂಕಿ, ಮುಂದಿನದರಲ್ಲಿ 1, 2, 3 ಬೇಡ. ಕೋಷ್ಟಕ, ಖಾತೆ ಸಂಖ್ಯೆ, ಆದೇಶ ಸಂಖ್ಯೆಗಳೆಲ್ಲ 1, 2, 3ರಲ್ಲೇ ಇರುವುದರಿಂದ ಇಡೀ ಬರಹಕ್ಕೆ ಅದನ್ನೇ ಇಟ್ಟುಕೊಳ್ಳುವುದು ಲೇಸು.

ಮಾತುಕತೆ ಮೇಜು

ಒಂದು ದೊಡ್ಡ ಕೊರತೆ: ಮಾತುಕತೆಯ ವರದಿಗೆ ಬಳಸುವ ಕ್ರಿಯಾಪದಗಳು. ವದಂತಿಗಳೆಲ್ಲ ಹುಟ್ಟುವುದೇ ಅಲ್ಲಿಂದ.

ನಾಲ್ಕು ಮೆಟ್ಟಿಲು ಇಟ್ಟುಕೊಳ್ಳಿ. 'ಕೇಳಿಸಿಕೊಂಡರು': ಬೇಡಿಕೆ ಮುಂದಿಟ್ಟೆವು, ಉತ್ತರವಿಲ್ಲ. 'ಪರಿಶೀಲಿಸುವುದಾಗಿ ಹೇಳಿದರು': ಬಾಯಿಮಾತು, ಯಾರು ಹೇಳಿದರೆಂದು ಹುದ್ದೆ ಸಮೇತ ಬರೆಯಬೇಕು. 'ಲಿಖಿತವಾಗಿ ಕೊಟ್ಟರು': ಪತ್ರದ ದಿನಾಂಕ, ಸಂಖ್ಯೆ ಬೇಕು. 'ಒಪ್ಪಂದಕ್ಕೆ ಸಹಿ ಹಾಕಿದರು': ಆಗ ಮಾತ್ರ 'ಒಪ್ಪಂದ', ಆಗ ಮಾತ್ರ 'ಗೆಲುವು'. ಎರಡನೇ ಮೆಟ್ಟಿಲಲ್ಲಿದ್ದುಕೊಂಡು 'ಆಡಳಿತ ಒಪ್ಪಿಕೊಂಡಿದೆ' ಎಂದು ಬರೆದರೆ ಮರುದಿನ ಅವರು 'ನಾವು ಒಪ್ಪಿಲ್ಲ' ಎಂದು ನೋಟಿಸು ಹಚ್ಚುತ್ತಾರೆ. ಸುಳ್ಳು ಹೇಳಿದ ಹೆಸರು ಸಂಘಕ್ಕೆ. 'ತಾತ್ವಿಕವಾಗಿ ಒಪ್ಪಿದ್ದಾರೆ' ಅನ್ನುವುದನ್ನು ಪೂರ್ತಿ ತೆಗೆದುಹಾಕಿ, ಅದಕ್ಕೆ ಯಾವ ಮೆಟ್ಟಿಲೂ ಇಲ್ಲ.

ಸಹಿಯಾದ ಮೇಲೂ ಯಾವ ಬಗೆಯ ಒಪ್ಪಂದ ಎಂದು ಹೇಳಬೇಕು. ಸಂಧಾನಾಧಿಕಾರಿಯ ಮುಂದೆ ಸಂಧಾನದಲ್ಲಿ ಆದದ್ದು ಆ ಸಂಸ್ಥೆಯ ಎಲ್ಲ ಕಾರ್ಮಿಕರನ್ನೂ ಕಟ್ಟಿಹಾಕುತ್ತದೆ, ಸಂಘದ ಸದಸ್ಯರಲ್ಲದವರನ್ನೂ. ಹೊರಗೆ ಎರಡೇ ಪಕ್ಷ ಕೂತು ಮಾಡಿಕೊಂಡದ್ದು ಆ ಪಕ್ಷಗಳನ್ನಷ್ಟೇ. 1947ರ ಹಳೆಯ ಕಾಯ್ದೆಯ ಭಾಷೆಯಲ್ಲಿ ಕ್ರಮವಾಗಿ 12(3), 18(1) ಕಲಮಿನ ಒಪ್ಪಂದ ಎಂದು ಎಲ್ಲರೂ ಆಡುವುದು ಇವನ್ನೇ. ಸುತ್ತೋಲೆಯ ಮೊದಲ ಪ್ಯಾರಾದಲ್ಲೇ ಇದು ಇರಲಿ, ಒಪ್ಪಂದದ ಅವಧಿಯ ಜೊತೆ. ಪಡೆದದ್ದರ ಪಕ್ಕದಲ್ಲೇ ಬಿಟ್ಟುಕೊಟ್ಟದ್ದನ್ನೂ ಬರೆಯಿರಿ. ಉತ್ಪಾದನೆಯ ಗುರಿ ಏರಿದ್ದನ್ನು ಸದಸ್ಯರು ಮೊದಲು ಮೇಲ್ವಿಚಾರಕರ ಬಾಯಿಂದ ಕೇಳಿದರೆ ಆ ಸುತ್ತೋಲೆಯಲ್ಲಿ ಬರೆದ ಉಳಿದದ್ದನ್ನೂ ನಂಬುವುದಿಲ್ಲ.

ಗೇಟ್ ಬೋರ್ಡ್

ಇದು ಒಪ್ಪಿದೆ. ಬೋರ್ಡಿಗೆ ನಾಲ್ಕು ಮೆಟ್ಟಿಲಿನ ಕೋಷ್ಟಕವನ್ನೇ ಹಚ್ಚಬಹುದು: ಎಡಗಡೆ ಬೇಡಿಕೆ, ಮುಂದೆ ನಾಲ್ಕು ಖಾನೆ, ಎಲ್ಲಿಗೆ ಬಂದಿದೆಯೋ ಅಲ್ಲಿ ದಿನಾಂಕ.

ಮೊಳೆ ಜೋಡಣೆ

ಅಚ್ಚಿನ ಬಗ್ಗೆ ಯಾರೂ ಮಾತಾಡಿಲ್ಲ.

ಹಳೆಯ ಆಸ್ಕಿ ಅಕ್ಷರಶೈಲಿಯಲ್ಲಿ ('ನುಡಿ', 'ಬರಹ' ತಂತ್ರಾಂಶಗಳ ಹಳೆಯ ಕಡತಗಳು) ಬೆರಳಚ್ಚಾದ ಸುತ್ತೋಲೆಯನ್ನು ವಾಟ್ಸಾಪಿಗೆ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಬೀಳುತ್ತದೆ. ಇನ್ನು ಮುಂದೆ ಎಲ್ಲವೂ ಯೂನಿಕೋಡ್. ಹಳೆಯದನ್ನು ಪರಿವರ್ತಕದಲ್ಲಿ ಹಾಕಿದರೆ ಅರ್ಕಾವತ್ತು ಮತ್ತು ಒತ್ತಕ್ಷರ ಸ್ಥಾನ ತಪ್ಪುವುದುಂಟು. ಪರಿವರ್ತಿಸಿದ ಮೇಲೆ 'ಕಾರ್ಮಿಕ', 'ವರ್ಷ', 'ನಿರ್ಣಯ', 'ಒಪ್ಪಂದ', 'ಮುಷ್ಕರ' ಇವನ್ನು ಹುಡುಕಿ ನೋಡಿ. ಇವು ಸರಿಯಿದ್ದರೆ ಉಳಿದದ್ದು ಬಹುಪಾಲು ಸರಿ. ಅಂಕಿಗಳನ್ನು ಮಾತ್ರ ಒಂದೊಂದಾಗಿ ಮೂಲದ ಜೊತೆ ತಾಳೆ ನೋಡಲೇಬೇಕು.

'ಮ್ಯಾನೇಜ್‌ಮೆಂಟ್', 'ರಿಟ್ರೆಂಚ್‌ಮೆಂಟ್' ಇವುಗಳಲ್ಲಿ ಅರ್ಧಾಕ್ಷರ ಬಿಡಿಯಾಗಿ ನಿಲ್ಲಲು ಕಣ್ಣಿಗೆ ಕಾಣದ ಒಂದು ಚಿಹ್ನೆ ಬೇಕು (ಯೂನಿಕೋಡ್ ಸಂಕೇತ 200ಸಿ). ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಬಿಟ್ಟು ಟೈಪ್ ಮಾಡಿದರೆ ಹಳೆಯ ಸುತ್ತೋಲೆಗಳಲ್ಲಿ ಹುಡುಕಿದಾಗ ಅರ್ಧ ಸಿಗುವುದೇ ಇಲ್ಲ. ಹಾಕುವುದೆಂದೇ ತೀರ್ಮಾನಿಸಿ. ಸಂಕ್ಷೇಪಗಳಲ್ಲಿ ಚುಕ್ಕಿ ಬೇಡ: 'ಇಎಸ್‌ಐ', 'ಪಿಎಫ್', 'ಸಿಐಟಿಯು'.

ಅಳತೆ: ಕೈಗೆ ಕೊಡುವ ಕರಪತ್ರದ ಒಡಲು 13 ಪಾಯಿಂಟ್, 12ಕ್ಕಿಂತ ಕೆಳಗೆ ಇಳಿಸಬೇಡಿ. ಜೆರಾಕ್ಸಿನ ಮೇಲೆ ಜೆರಾಕ್ಸು ಆಗುತ್ತಾ ಹೋದಂತೆ ಒತ್ತಕ್ಷರದ ಹೊಟ್ಟೆ ಮಸಿ ತುಂಬಿ ಮುಚ್ಚಿಕೊಳ್ಳುತ್ತದೆ. ಸಾಲಿನ ಅಂತರ ಅಕ್ಷರದ ಒಂದೂವರೆ ಪಟ್ಟು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಬೋರ್ಡಿಗೆ ಒಡಲು 20, ತಲೆಬರಹ 36. ದಪ್ಪಕ್ಷರ ತಲೆಬರಹಕ್ಕೂ ದಿನಾಂಕಕ್ಕೂ ಮಾತ್ರ. ಇಡೀ ಪ್ಯಾರಾ ದಪ್ಪಗೆ ಮಾಡಿದರೆ ಕನ್ನಡ ಅಕ್ಷರ ಮಸಿಯ ಗಡ್ಡೆಯಾಗುತ್ತದೆ. ಹಿನ್ನೆಲೆಯಲ್ಲಿ ಬಾವುಟದ ನೀರಚ್ಚು ಹಾಕುವ ಚಟವನ್ನೂ ದಯವಿಟ್ಟು ಬಿಡಿ.

ಸುತ್ತೋಲೆಯ ಚಿತ್ರವನ್ನಷ್ಟೇ ಕಳಿಸಬೇಡಿ. ಜೊತೆಗೆ ಪಠ್ಯವನ್ನೂ ಕಳಿಸಿ. ಕಣ್ಣು ಕಾಣದವರ ಫೋನು ಚಿತ್ರದೊಳಗಿನ ಅಕ್ಷರವನ್ನು ನೆಚ್ಚಿಕೊಳ್ಳುವಷ್ಟು ಸರಿಯಾಗಿ ಓದುವುದಿಲ್ಲ.

ಅವರಿವರು

ಗೌರವ ಮತ್ತು ಲಿಂಗದ ಬಗ್ಗೆ ಕರಡು ಮೌನವಾಗಿದೆ. ವ್ಯವಸ್ಥಾಪಕರಿಗೆ 'ಅವರು ಹೇಳಿದರು', ಗುತ್ತಿಗೆ ಕಾರ್ಮಿಕನಿಗೆ 'ಅವನು ಬಿದ್ದನು' ಎಂದು ಬರೆಯುವುದು ನಮ್ಮ ಹಾಳೆಗಳಲ್ಲೇ ಕಾಣುತ್ತದೆ. ಎಲ್ಲರಿಗೂ ಬಹುವಚನ, ವಿನಾಯಿತಿ ಇಲ್ಲ. 'ಶ್ರೀ', 'ಶ್ರೀಮತಿ' ಹಾಕುವುದಾದರೆ ಇಬ್ಬರಿಗೂ ಹಾಕಿ, ಇಲ್ಲವೇ ಯಾರಿಗೂ ಬೇಡ. ಮಹಿಳೆಯ ಹೆಸರಿನ ಹಿಂದೆ ಗಂಡನ ಹೆಸರು ಬೇಡ. 'ಕಾರ್ಮಿಕರು ಮತ್ತು ಅವರ ಹೆಂಡತಿ ಮಕ್ಕಳು ಧರಣಿಗೆ ಬನ್ನಿ' ಎಂದರೆ ಕಾರ್ಮಿಕರೆಲ್ಲ ಗಂಡಸರು ಎಂದಾಯಿತು, 'ಕುಟುಂಬದವರೊಂದಿಗೆ' ಎನ್ನಿ. 'ಕೆಲಸದಾಳು', 'ಹುಡುಗರು', 'ಲೇಬರ್‌ಗಳು' ಬೇಡ. ಸ್ವಚ್ಛತಾ ಕೆಲಸದವರಿಗೆ ಜಾತಿಯ ವಾಸನೆಯಿರುವ ಹಳೆಯ ಪದ ಎಲ್ಲೂ ನುಸುಳಬಾರದು. 'ಪೌರಕಾರ್ಮಿಕರು' ಎಲ್ಲರಿಗೂ ಗೊತ್ತಿರುವ ಪದ.

ಗುತ್ತಿಗೆಯವರ ವಿಷಯಕ್ಕೆ ಇನ್ನೊಂದು. 'ಗುತ್ತಿಗೆದಾರ ಸಂಬಳ ಕೊಟ್ಟಿಲ್ಲ' ಎಂದು ಅಲ್ಲಿಗೇ ಬಿಡಬೇಡಿ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಿಂದಲೂ ಗುತ್ತಿಗೆದಾರ ಕೊಡದಿದ್ದರೆ ಮೂಲ ಮಾಲೀಕರೇ (ಗುತ್ತಿಗೆ ಕೊಟ್ಟ ಸಂಸ್ಥೆ) ಕೊಡಬೇಕೆಂಬ ಹೊಣೆ ಇದೆ. ವಾಕ್ಯದಲ್ಲಿ ಇಬ್ಬರೂ ಬರಬೇಕು: 'ಗುತ್ತಿಗೆದಾರರು ಮೇ ತಿಂಗಳ ವೇತನ ಕೊಟ್ಟಿಲ್ಲ. ಮೂಲ ಮಾಲೀಕರಾದ ಕಂಪನಿಯೂ ಕೊಟ್ಟಿಲ್ಲ.' ನಿಯಮ 1ರ ಕರ್ತೃ ಇಲ್ಲಿ ಇಬ್ಬರು.

ನಡವಳಿ ಪುಸ್ತಕ

ಯಾರ ಹೆಸರು ಬರೆಯಬಾರದು ಎಂಬುದೂ ಪಟ್ಟಿಯಲ್ಲಿರಲಿ. ಲೈಂಗಿಕ ಕಿರುಕುಳದ ದೂರಾದರೆ 2013ರ ಕಾಯ್ದೆಯ 16ನೇ ಕಲಂ ಪ್ರಕಾರ ದೂರಿನ ಒಳಗಿನ ವಿಷಯ, ದೂರುದಾರರು, ಎದುರುದಾರರು, ಸಾಕ್ಷಿಗಳ ಗುರುತು ಯಾವುದನ್ನೂ ಪ್ರಕಟಿಸುವಂತಿಲ್ಲ. ಬೆಂಬಲ ಸೂಚಿಸಿ ಹೊರಡಿಸುವ ಸುತ್ತೋಲೆಗೂ ಇದೇ ನಿಯಮ. ಹೆಸರು ಬಿಟ್ಟು 'ಎರಡನೇ ಪಾಳಿಯ ಹೊಲಿಗೆ ವಿಭಾಗದ ಹೊಸ ಸದಸ್ಯೆ' ಎಂದು ಬರೆದರೂ ಗುರುತು ಕೊಟ್ಟಂತೆಯೇ. ಅಮಾನತಾದವರ ಹೆಸರು ಅವರ ಲಿಖಿತ ಒಪ್ಪಿಗೆ ಇದ್ದರೆ ಮಾತ್ರ. ಧರಣಿಯ ಚಿತ್ರದಲ್ಲಿ ಕಾಯಂ ಆಗದವರ ಮುಖ ಮುಂದಿನ ಸಾಲಿನಲ್ಲಿದ್ದರೆ ಬೇರೆ ಚಿತ್ರ ಆರಿಸಿ.

ನಡವಳಿಯಲ್ಲಿ ನಿರ್ಣಯದ ಪಠ್ಯ, ಮಂಡಿಸಿದವರು, ಅನುಮೋದಿಸಿದವರು, ಮತಗಳ ಸಂಖ್ಯೆ ಇಷ್ಟು ಸಾಕು. ಯಾರು ವಿರೋಧಿಸಿ ಏನು ಮಾತಾಡಿದರೆಂಬ ಕಥೆ ಬೇಡ. ಆ ಪುಸ್ತಕವನ್ನು ಒಂದು ದಿನ ನ್ಯಾಯಾಲಯ ತರಿಸಿಕೊಳ್ಳಬಹುದು.

ಗೇಟ್ ಬೋರ್ಡ್

ಬೇರೆ ಸಂಘಟನೆಗಳ ಜೊತೆ ಹೊರಡಿಸುವ ಜಂಟಿ ಹೇಳಿಕೆಯಲ್ಲಿ ಯಾವ ಕಾರ್ಮಿಕ ಸಂಘಟನೆಯ ಹೆಸರು ಮೊದಲು? ಹೇಳಿಕೆ ಬರೆಯಲು ಹತ್ತು ನಿಮಿಷ, ಇದಕ್ಕೆ ಎರಡು ಗಂಟೆ.

ಕರಡಚ್ಚು

ಒಂದು ಕ್ರಮವನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಸ್ಥಾಪನೆಯ ವರ್ಷದ ಪ್ರಕಾರವಾದರೆ ಎಐಟಿಯುಸಿ (1920), ಇಂಟಕ್ (1947), ಎಚ್‌ಎಂಎಸ್ (1948), ಬಿಎಂಎಸ್ (1955), ಸಿಐಟಿಯು (1970) ಎಂದಾಗುತ್ತದೆ. ಅಕಾರಾದಿಯಾದರೆ ಇಂಟಕ್ ಮೊದಲು. ಅದನ್ನೇ 'ಐಎನ್‌ಟಿಯುಸಿ' ಎಂದು ಬರೆದರೆ ಮೂರನೇ ಜಾಗಕ್ಕೆ ಜಾರುತ್ತದೆ. ಅದಕ್ಕೇ ಜಗಳ ಹತ್ತುವುದು ಬೇಡ, ವರ್ಷದ ಕ್ರಮವೇ ಇರಲಿ. ವರ್ಷವನ್ನು ಯಾರೂ ಬೇರೆ ಥರ ಕಾಗುಣಿತ ಮಾಡಲಾರರು.

ಪಾಳಿ ಮೂರು

ಮುಷ್ಕರದ ರಾತ್ರಿ ಎರಡು ಸಹಿಗೆ ಯಾರನ್ನು ಎಬ್ಬಿಸುವುದು? 'ಮುಷ್ಕರ ವಾಪಸ್' ಎಂಬ ನಕಲಿ ಸಂದೇಶ ಹರಿದಾಡುವುದೇ ಅಪರಾತ್ರಿಯಲ್ಲಿ.

ವಕೀಲಿ ಕಣ್ಣು

ನಾಲ್ಕು ಮಾದರಿ ಸಂದೇಶಗಳನ್ನು ನೋಟಿಸು ಕೊಡುವ ದಿನವೇ ಬರೆದು ಸಹಿ ಮಾಡಿಸಿಡಿ: ಮುಷ್ಕರ ಮುಂದುವರಿದಿದೆ, ಮಾತುಕತೆಗೆ ಕರೆ ಬಂದಿದೆ, ಮುಷ್ಕರ ನಿಂತಿದೆ, ಹರಿದಾಡುತ್ತಿರುವ ಸಂದೇಶ ನಕಲಿ. ಗಂಟೆ, ದಿನಾಂಕ, ಪಾಳಿ ತುಂಬಲು ಮಾತ್ರ ಜಾಗ ಬಿಡಿ. ಪ್ರತಿಯೊಂದಕ್ಕೂ ಓಡುವ ಕ್ರಮಸಂಖ್ಯೆ ಇರಲಿ, ಮೊದಲ ಸಾಲಿನಲ್ಲೇ: 'ಸುತ್ತೋಲೆ 17, ಜೂನ್ 16, ಮಂಗಳವಾರ, ರಾತ್ರಿ 11.20'. ಸಂಖ್ಯೆ ಇಲ್ಲದ್ದನ್ನು ನಂಬಬೇಡಿ ಎಂದು 1ನೇ ಸುತ್ತೋಲೆಯಲ್ಲೇ ಹೇಳಿಬಿಡಿ. ನಕಲಿಯನ್ನು ಅಲ್ಲಗಳೆಯುವಾಗ ಅದರ ಪಠ್ಯವನ್ನು ಮತ್ತೆ ಉಲ್ಲೇಖಿಸಬೇಡಿ, ಚಿತ್ರ ತೆಗೆದು ಅಡ್ಡಗೆರೆ ಎಳೆದೂ ಹಾಕಬೇಡಿ. ಗೆರೆಯನ್ನು ಕತ್ತರಿಸಿ ಮತ್ತೆ ಹಂಚುತ್ತಾರೆ. 'ಮುಷ್ಕರ ಮುಂದುವರಿದಿದೆ. ಇದಕ್ಕೆ ವಿರುದ್ಧವಾದ ಸಂದೇಶ ಸಂಘದ್ದಲ್ಲ' ಎಂದರೆ ಸಾಕು.

ನಡವಳಿ ಪುಸ್ತಕ

ನಮ್ಮ ಸುತ್ತೋಲೆಯೇ ತಪ್ಪಿದ್ದರೆ ಬೋರ್ಡಿನ ಮೇಲಿನ ಹಾಳೆಗೆ ಪೆನ್ನಿನಲ್ಲಿ ತಿದ್ದಬೇಡಿ, ಬೆಳಿಗ್ಗೆ ಓದಿಹೋದವರಿಗೆ ಅದು ತಿಳಿಯುವುದಿಲ್ಲ. ಹೊಸ ಸಂಖ್ಯೆಯ ಹಾಳೆ: 'ಸುತ್ತೋಲೆ 18. ಸುತ್ತೋಲೆ 17ರ ಮೂರನೇ ಸಾಲಿನಲ್ಲಿ ಜೂನ್ 18 ಎಂದಿದ್ದದ್ದು ಜೂನ್ 19, ಶುಕ್ರವಾರ ಎಂದಾಗಬೇಕು. ಉಳಿದದ್ದರಲ್ಲಿ ಬದಲಾವಣೆ ಇಲ್ಲ.' ಹಳೆಯದನ್ನು ಬೋರ್ಡಿನಿಂದ ಇಳಿಸಿ, ಇಳಿಸಿದ ಗಂಟೆಯನ್ನು ಹಿಂಬದಿಯಲ್ಲಿ ಬರೆದು ಕಡತಕ್ಕೆ ಸೇರಿಸಿ. ವಾಟ್ಸಾಪಿನಲ್ಲಿ ಹಳೆಯದನ್ನು ಅಳಿಸಬೇಡಿ. ಅದಕ್ಕೇ ಉತ್ತರವಾಗಿ ತಿದ್ದುಪಡಿ ಹಾಕಿ.